ಅಟ್ಟಬಾರದ ಕೋಳಿ

"ಗುರುಗಳೇ, ಓಡಿಹೋಗುವವರನ್ನು ಉಳಿಸಿಕೊಳ್ಳುವುದು ಹೇಗೆ?" ಎಂದು ಮುದ್ದಯ್ಯ ಕೇಳಿದ.

ಮಠಕ್ಕೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಉಸ್ತುವಾರಿ ಅವನದು. ಅಂದು ಮತ್ತೆ ಇಬ್ಬರು ಗೋಡೆ ಹಾರಿದ್ದರು. ಹಳ್ಳದ ದಾರಿಯಲ್ಲಿ ಅವರನ್ನು ಹಿಡಿದು, ತಂದು ಕೋಣೆಗೆ ದೂಡಿ, ಬೆತ್ತ ಹಿಡಿದುಕೊಂಡೇ ಗುರುಗಳ ಮುಂದೆ ಬಂದು ನಿಂತಿದ್ದ.

ಗುರುಗಳು ಹೇಳಿದರು:

ಹೊಸ ಕೋಳಿಯನ್ನು ಗೂಡಿಗೆ ಅಟ್ಟಬಾರದು. ಒಂದು ಮನೆಯಲ್ಲಿ ಈ ನಿಯಮ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಮುರಿದರು.

ಮನೆ ಒಬ್ಬ ರೈತನದು. ಅವನ ಹೆಂಡತಿ ತನ್ನ ತಾಯಿ ತೀರಿಕೊಂಡ ಮೇಲೆ ತವರಿನಿಂದ ಒಂದು ಬುಟ್ಟಿ ಕೋಳಿ ತಂದಳು. ತಾಯಿ ಸಾಕಿದ ಕೋಳಿಗಳು. ತವರಿನಿಂದ ಅವಳಿಗೆ ಬಂದದ್ದು ಅಷ್ಟೇ. ನಿಯಮವೂ ಆ ತಾಯಿಯದೇ. ಮೊದಲ ಕೆಲವು ದಿನ ಗೂಡಿನ ಬಾಗಿಲು ತೆಗೆಯಬಾರದು. ಕಾಳು, ನೀರು ಒಳಗೇ ಇಡಬೇಕು. ಆಮೇಲೆ ಹೊತ್ತು ಮುಳುಗುವ ಮುಂಚೆ ಸ್ವಲ್ಪ ಹೊತ್ತು ಬಿಡಬೇಕು. ಕತ್ತಲಾಗುತ್ತಿದ್ದಂತೆ ಅವು ತಾವಾಗಿಯೇ ಒಳಗೆ ಹೋಗುತ್ತವೆ. ಯಾರೂ ಕೈ ಬೀಸಬಾರದು, ಹಿಂದೆ ಓಡಬಾರದು. ಹೆಂಡತಿ ಇದನ್ನು ಮನೆಯವರಿಗೆಲ್ಲ ಹೇಳಿದಳು. ಎಲ್ಲರೂ ಒಪ್ಪಿದರು.

ಬಾಗಿಲು ತೆಗೆದ ಮೊದಲ ಸಂಜೆ ಒಂದು ಕೋಳಿ ಹಿತ್ತಿಲ ಗೋಡೆಯ ಮೇಲೆ ಕುಳಿತು ತಡಮಾಡಿತು. ಆ ಕಡೆ ಕಾಡುಬೆಕ್ಕು ಸುಳಿಯುತ್ತಿದ್ದುದನ್ನು ಅತ್ತೆ ಕಂಡಿದ್ದಳು. ಒಳ್ಳೆಯದಕ್ಕೇ ಎಂದು ಸೆರಗು ಬೀಸಿದಳು. ಉಳಿದ ಕೋಳಿಗಳೂ ಚೆದುರಿದವು. ಮೈದುನ ಕೋಲು ಹಿಡಿದು ಓಡಿದ. ರೈತ ಬೇಲಿಯ ಸಂದಿಗೆ ಅಡ್ಡ ನಿಂತ. ಕೊನೆಗೆ ಹೆಂಡತಿಯೂ ಹೆದರಿ ಓಡಿದಳು. ಒಂದೊಂದನ್ನೇ ಹಿಡಿದು ಗೂಡಿಗೆ ತುರುಕಿದರು. ಒಂದೂ ತಪ್ಪಿಸಿಕೊಂಡಿರಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು.

ಮರುದಿನ ಸಂಜೆ ಕೋಳಿಗಳು ಗೂಡಿನ ಹತ್ತಿರ ಬರಲಿಲ್ಲ. ಮತ್ತೆ ಅಟ್ಟಿದರು. ದಿನ ಕಳೆದಂತೆ ಮನುಷ್ಯರ ನೆರಳು ಕಂಡರೆ ಸಾಕು, ಅವು ನುಗ್ಗೆಮರ ಹತ್ತತೊಡಗಿದವು. ಒಂದು ಬೆಳಿಗ್ಗೆ ಮರದ ಕೆಳಗೆ ಪುಕ್ಕ ಬಿದ್ದಿತ್ತು. ಎಲ್ಲಕ್ಕಿಂತ ಹಳೆಯ ಕೋಳಿ ಇರಲಿಲ್ಲ. ನಿಮ್ಮಮ್ಮನ ಕೋಳಿಗಳಿಗೂ ನಿಮ್ಮಮ್ಮನದೇ ಹಟ ಎಂದು ಅತ್ತೆ ಗೊಣಗಿದಳು. ಮೈದುನ ಇನ್ನೂ ಉದ್ದನೆಯ ಕೋಲು ಹುಡುಕಿ ತಂದ.

ಆ ಸಂಜೆ ರೈತ ಆ ಕೋಲನ್ನು ಹೆಂಡತಿಯ ಕೈಗೆ ಕೊಟ್ಟ.

"ಹಿಡಿ, ಕತ್ತಲಾಗ್ತಿದೆ. ಇಲ್ಲದಿದ್ದರೆ ನಿಮ್ಮಮ್ಮನ ನೆನಪಿಗೆ ಪುಕ್ಕ ಆರಿಸಿ ಇಟ್ಟುಕೊಳ್ಳಬೇಕು."

"ನಾನು ಅಟ್ಟಲ್ಲ," ಎಂದಳು ಅವಳು. "ಇವತ್ತು ನಮಗೆ ಹೆದರಿ ಒಳಗೆ ಹೋದ ಕೋಳಿ ನಾಳೆ ನಮಗೆ ಹೆದರಿಯೇ ಮರ ಹತ್ತುತ್ತೆ."

"ಬೆಕ್ಕು ಇವತ್ತೇ ಬಂದರೆ?"

ಅವಳು ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದು ಒಲೆಗೆ ಹಾಕಿದಳು. ಮನೆಯವರನ್ನೆಲ್ಲ ಒಳಗೆ ಕಳಿಸಿದಳು. ಗೂಡಿನ ಬಾಗಿಲು ತೆರೆದು, ಅದರ ಮುಂದೆ ಒಂದು ಹಿಡಿ ರಾಗಿ ಚೆಲ್ಲಿ, ಮರಕ್ಕೆ ಬೆನ್ನು ಮಾಡಿ ಕುಳಿತಳು.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಮುದ್ದಯ್ಯ, ಕೋಳಿಗಳು ಇಳಿದು ಬಂದವೇ ಎಂದು ಕೇಳಿದ.

"ಬೆತ್ತ ಹಿಡಿದು ನಿಂತವನಿಗೆ ಅದು ಗೊತ್ತಾಗುವುದಿಲ್ಲ, ಮುದ್ದಯ್ಯ."

ಮುದ್ದಯ್ಯ ಕೈಯಲ್ಲಿದ್ದ ಬೆತ್ತವನ್ನು ಗುರುಗಳ ಮುಂದೆ ಕೆಳಗಿಟ್ಟ.