ಹಲ್ಲಿನಲ್ಲಿ ಉಳಿದದ್ದು

"ಗುರುಗಳೇ, ಕಾಗದದ ಮೇಲೆ ಸುಳ್ಳು ಬರೆದಿಟ್ಟರೆ ನಿಜ ಎಲ್ಲಿ ಉಳಿಯುತ್ತದೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಹೇಳಿದರು:

ಒಂದು ಕಾರ್ಖಾನೆಯಲ್ಲಿ ಒಬ್ಬ ಮೇಲ್ವಿಚಾರಕನಿದ್ದ. ಅಲ್ಲಿ ಆಸ್ಪತ್ರೆಯ ಸಿರಿಂಜುಗಳನ್ನು ವಿಕಿರಣಕ್ಕೆ ಒಡ್ಡಿ ಶುದ್ಧ ಮಾಡುತ್ತಿದ್ದರು. ಒಂದು ದಿನ ಪೆಟ್ಟಿಗೆಗಳು ಒಳಗೆ ಸಿಕ್ಕಿಕೊಂಡವು. ವಿಕಿರಣ ಪೂರ್ತಿ ನಿಲ್ಲುವ ಮೊದಲೇ ಅವನು ಬಾಗಿಲು ತೆರೆಸಿ ಒಬ್ಬ ಕೂಲಿಯವನನ್ನು ಒಳಗೆ ಕಳಿಸಿದ. ತಾನು ಹೊಸ್ತಿಲಲ್ಲಿ ನಿಂತು, ಬೇಗ ಬೇಗ ಎಂದು ಅವಸರಪಡಿಸಿದ.

ಕೆಲವೇ ವಾರಗಳಲ್ಲಿ ಕೂಲಿಯವನು ಹಾಸಿಗೆ ಹಿಡಿದ. ವಿಚಾರಣೆ ನಡೆಯಿತು. ಕೆಲಸ ಹೋದೀತೆಂಬ ಭಯಕ್ಕೆ ಮೇಲ್ವಿಚಾರಕ, ಆ ದಿನ ಬಾಗಿಲು ತೆರೆದೇ ಇಲ್ಲ ಎಂದು ಬರೆದುಕೊಟ್ಟ. ಕೂಲಿಯವನ ಮಾತನ್ನು ಯಾರೂ ನಂಬಲಿಲ್ಲ.

ಮೂರು ವರ್ಷದ ಮೇಲೆ ಒಬ್ಬ ವಿಜ್ಞಾನಿ ವಿಷಯ ತಿಳಿದು ಬಂದಳು. ವೈದ್ಯರು ಕಿತ್ತಿದ್ದ ಕೂಲಿಯವನ ಹಲ್ಲೊಂದನ್ನು ಕೇಳಿ ಪಡೆದಳು. ವಸ್ತುವಿನೊಳಗೆ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ವಿಕಿರಣ ತಗುಲಿದರೆ ಕೆಲವು ಜೋಡಿ ಮುರಿದು ಎಲೆಕ್ಟ್ರಾನುಗಳು ಒಂಟಿಯಾಗುತ್ತವೆ. ಹಲ್ಲಿನ ಗಟ್ಟಿ ಹೊರಪದರದಲ್ಲಿ ಆ ಒಂಟಿಗಳು ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ಹಲ್ಲನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟು ಮೈಕ್ರೋವೇವ್ ಹಾಯಿಸಿದರೆ ಜೋಡಿಗಳು ಸುಮ್ಮನಿರುತ್ತವೆ. ಒಂಟಿಗಳು ಅದನ್ನು ಹೀರುತ್ತವೆ. ಹೆಚ್ಚು ಹೀರಿದರೆ ಹೆಚ್ಚು ವಿಕಿರಣ ತಗುಲಿದೆ ಎಂದರ್ಥ.

ಹೋಲಿಸಿ ನೋಡಲು ವಿಕಿರಣ ತಗುಲದ ಒಬ್ಬರ ಹಲ್ಲೂ ಬೇಕಿತ್ತು. ಮೇಲ್ವಿಚಾರಕ ಹಿಂದಿನ ವಾರವಷ್ಟೇ ಹುಳುಕುಹಲ್ಲು ಕೀಳಿಸಿದ್ದ. ಬಾಗಿಲು ತೆರೆದೇ ಇಲ್ಲ ಎಂದವನ ಹಲ್ಲೇ ಆಗಲಿ ಎಂದು ವಿಜ್ಞಾನಿ ಅದನ್ನು ಕೇಳಿದಳು. ಕೊಡುವುದಿಲ್ಲ ಎಂದರೆ ಅನುಮಾನಕ್ಕೆ ಎಡೆ. ಹೇಗೂ ಒಳಗೆ ಹೋದವನು ತಾನಲ್ಲವಲ್ಲ ಎಂದುಕೊಂಡು ಧೈರ್ಯವಾಗಿಯೇ ಕೊಟ್ಟ.

ಹತ್ತು ದಿನ ಕಳೆದು ವಿಜ್ಞಾನಿ ಎರಡು ಗ್ರಾಫುಗಳನ್ನು ಅವನ ಮುಂದಿಟ್ಟಳು. ಕೂಲಿಯವನದರಲ್ಲಿ ಗೆರೆ ಎತ್ತರಕ್ಕೆ ಎದ್ದಿತ್ತು. ಮೇಲ್ವಿಚಾರಕನದರಲ್ಲಿ ಅದರ ಅರ್ಧದಷ್ಟು.

"ಆ ದಿನ ನೀವು ಎಲ್ಲಿ ನಿಂತಿದ್ದಿರಿ ಸಾರ್?" ಎಂದು ಕೇಳಿದಳು.

"ಬಾಗಿಲಲ್ಲಿ" ಎಂದುಬಿಟ್ಟ. ಅಂದ ಮೇಲೆ, ಬಾಗಿಲು ತೆರೆದಿತ್ತೆಂದು ತಾನೇ ಒಪ್ಪಿಕೊಂಡದ್ದು ಅವನಿಗೆ ಹೊಳೆಯಿತು.

ಕೂಲಿಯವನ ಮಾತು ನಿಜವೆಂದಾಯಿತು. ಅವನಿಗೆ ಸರಿಯಾದ ಚಿಕಿತ್ಸೆ ಶುರುವಾಯಿತು.

ಚೆನ್ನವೀರನಿಗೆ ಸಮಾಧಾನವಾಯಿತು. "ಮೇಲ್ವಿಚಾರಕನಿಗೆ ಏನು ಶಿಕ್ಷೆ ಕೊಟ್ಟರು ಗುರುಗಳೇ?" ಎಂದು ಕೇಳಿದ.

"ಯಾರೂ ಕೊಡಬೇಕಾಗಿರಲಿಲ್ಲಪ್ಪ, ಮೂರು ವರ್ಷದಿಂದ ಅವನ ರಕ್ತವೂ ಕೆಡುತ್ತಿತ್ತು, ಯಾಕೆಂದು ವೈದ್ಯರಿಗೆ ಹೇಳಲು ಅವನಿಗೆ ಬಾಯಿರಲಿಲ್ಲ" ಎಂದರು ಗುರುಗಳು.