ಯಾವುದರಿಂದ ಯಾವುದಕ್ಕೆ

"ಗುರುಗಳೇ, ಒಳ್ಳೆಯದನ್ನೇ ಕೊಟ್ಟರೂ ತಪ್ಪಾಗುತ್ತದೆಯೇ?" ಎಂದು ಅಡಿವೆಪ್ಪ ಕೇಳಿದ.

ಅವನು ಹಾಡು ಕಲಿಯುವ ಶಿಷ್ಯ. ಬಾಳವ್ವ ಎಂಬ ಮುದುಕಿಯ ಬೀಸುವ ಪದಗಳನ್ನು ಕಲಿತು ಬಾ ಎಂದು ಗುರುಗಳು ಅವನನ್ನು ಪಕ್ಕದ ಊರಿಗೆ ಕಳಿಸಿದ್ದರು. ಸುಗ್ಗಿ ಮುಗಿಯುವವರೆಗೂ ಅಲ್ಲಿದ್ದು ಅಂದು ಮರಳಿದ್ದ. ಆಕೆಯ ಧಾಟಿ ಹಾರ್ಮೋನಿಯಂಗೆ ಹೊಂದುತ್ತಿರಲಿಲ್ಲ, ದಿನವೂ ಕೂರಿಸಿಕೊಂಡು ತಿದ್ದಿದೆ, ಈಗ ಶ್ರುತಿಗೆ ಸರಿಯಾಗಿ ಹಾಡುತ್ತಾಳೆ ಎಂದು ವರದಿ ಒಪ್ಪಿಸಿದ್ದ. ಗುರುಗಳ ಮುಖ ಬಾಡಿತ್ತು. ಅದನ್ನು ಕಂಡೇ ಅವನು ಈ ಪ್ರಶ್ನೆ ಕೇಳಿದ್ದು.

ಗುರುಗಳು ಹೇಳಿದರು:

"ಕೂತುಕೋ, ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಾಳಿ ಇದೆ.

ಒಂದೂರಿನಲ್ಲಿ ಕಸೂತಿ ಹಾಕುವ ಒಬ್ಬ ಹೆಂಗಸಿದ್ದಳು. ಎಳೆ ಎಣಿಸಿ ಸೀರೆಯ ಮೇಲೆ ತುಳಸಿಕಟ್ಟೆ, ತೊಟ್ಟಿಲು, ಅಂಬಾರಿ ಮೂಡಿಸುವುದು ಅವಳ ಕಸುಬು. ಊರೂರಿನ ಮುದುಕಿಯರ ಹಳೆಯ ಸೀರೆಗಳನ್ನು ಎರವಲು ತರುತ್ತಿದ್ದಳು. ಅವುಗಳ ನಕ್ಷೆಗಳನ್ನು ಚೌಕ ಚೌಕವಾಗಿ ಬಿಡಿಸಿ ತನ್ನ ಲ್ಯಾಪ್‌ಟಾಪಿನಲ್ಲಿ ಇಡುತ್ತಿದ್ದಳು. ಸೀರೆ ಒಡತಿಗೆ ಹಿಂತಿರುಗುತ್ತಿತ್ತು, ನಕ್ಷೆ ಇವಳ ಬಳಿ ಉಳಿಯುತ್ತಿತ್ತು. ಅವಳ ವಯಸ್ಸೆಲ್ಲ ಅದಕ್ಕೇ ಸವೆದಿತ್ತು.

ಆ ಲ್ಯಾಪ್‌ಟಾಪ್ ಯಾವುದೋ ಆಫೀಸಿನವರು ಬಳಸಿ ಮಾರಿದ್ದು. ಗಟ್ಟಿ ಯಂತ್ರವೇ, ಆದರೆ ಮುದಿಯಾಗಿತ್ತು. ಒಂದು ನಕ್ಷೆ ತೆರೆಯಬೇಕೆಂದರೆ ಒಲೆಯ ಮೇಲೆ ಹಾಲು ಉಕ್ಕುವಷ್ಟು ಹೊತ್ತು ಹಿಡಿಯುತ್ತಿತ್ತು. ವೈ-ಫೈ ಅಂತೂ ಸತ್ತೇ ಹೋಗಿತ್ತು. ಹಾಗಾಗಿ ನಕ್ಷೆಗಳೆಲ್ಲ ಆ ಒಂದೇ ಡಬ್ಬಿಯಲ್ಲಿ ಕೂತಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

ಅದೇ ಊರಿನಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬನಿದ್ದ. ಅವಳ ಪಾಡು ನೋಡಲಾರದೆ, ನಾನೇ ಸರಿ ಮಾಡಿಕೊಡುತ್ತೇನೆ ಎಂದು ಮನೆಗೆ ಬಂದ. ಕೆಟ್ಟವನಲ್ಲ, ನೆನಪಿಡು. ಒಳ್ಳೆಯದು ಮಾಡಬೇಕೆಂದೇ ಬಂದವನು.

ವೈ-ಫೈ ಸರಿಮಾಡುವುದು, ನಿಧಾನದ ಹಳೆಯ ಡಿಸ್ಕಿನ ಬದಲು ವೇಗದ ಹೊಸದನ್ನು ಹಾಕುವುದು, ಎರಡು ಕೆಲಸ. ಮೊದಲು ವೈ-ಫೈ ಕೈಗೆತ್ತಿಕೊಂಡ. ಅದೇನು ಸಾಮಾನ್ಯ ಕೆಲಸವೇ? ಅಂಥ ಆಫೀಸು ಯಂತ್ರಗಳು ಕೆಲವು ಸಿಕ್ಕಸಿಕ್ಕ ವೈ-ಫೈ ಕಾರ್ಡನ್ನು ಒಳಗೆ ಸೇರಿಸುವುದಿಲ್ಲ. ಅದಕ್ಕೆ ಒಗ್ಗುವುದನ್ನೇ ಹುಡುಕಿ ತಂದಿದ್ದ. ತಳ ಬಿಚ್ಚಿ, ದಾರದಂಥ ಎರಡು ಆಂಟೆನಾ ತಂತಿಗಳನ್ನು ಉಸಿರು ಬಿಗಿಹಿಡಿದು ಕಾರ್ಡಿನ ಮೇಲೆ ಒತ್ತಿ ಕೂರಿಸಿದ. ಸೆಟ್ಟಿಂಗಿನೊಳಗೆ ಹೋಗಿ, ಹಿಂದೆ ಯಾರೋ ಬಂದ್ ಮಾಡಿಟ್ಟಿದ್ದ ವೈ-ಫೈಯನ್ನು ಚಾಲೂ ಮಾಡಿದ. ನೆಟ್ ಬಂತು. ಹೆಂಗಸು ಹಿಗ್ಗಿ ಹೀರೇಕಾಯಿಯಾದಳು.

'ತಮ್ಮಾ, ನೆಟ್ ಬಂತಲ್ಲ, ಈ ನಕ್ಷೆಗೋಳನ್ನ ಮೊದ್ಲ ನನ್ನ ತಂಗಿಗೆ ಕಳಿಸಿ ಬಿಡ್ಲೇನು?' ಎಂದು ಕೇಳಿದಳು.

'ಅಕ್ಕಾರ, ಈ ಆಮೀ ಮ್ಯಾಲ ಕುಂತು ಯಾಕ ಒದ್ದಾಡ್ತೀರಿ? ಚೂರು ತಡೀರಿ. ಹೊಸಾ ಡಿಸ್ಕ್ ಹಾಕಿದ ಮ್ಯಾಲ ಚಿಟಿಕಿ ಹೊಡಿಯೋದ್ರಾಗ ಹೋಗ್ತಾವ' ಎಂದ.

ಅವಳು ಆಗಲಿ ಎಂದಳು. ತಿಳಿದವನು ಹೇಳಿದ ಮೇಲೆ ಎದುರಾಡುವುದುಂಟೇ?

ಇನ್ನು ಡಿಸ್ಕಿನ ಕೆಲಸ. ಹಳೆಯ ಡಿಸ್ಕಿನಲ್ಲಿ ಇರುವುದನ್ನೆಲ್ಲ ಇದ್ದ ಹಾಗೆಯೇ ಹೊಸದಕ್ಕೆ ಇಳಿಸಬೇಕು. ಅದಕ್ಕೆ ಕೈಚಳಕ ಬೇಕಿಲ್ಲ, ಯಂತ್ರವೇ ಮಾಡುತ್ತದೆ. ಅದು ಕೇಳುವುದು ಒಂದೇ ಮಾತು: ಯಾವುದರಿಂದ ಯಾವುದಕ್ಕೆ? ಎರಡೂ ಡಿಸ್ಕು ಒಂದೇ ಅಳತೆಯವು. ಪರದೆಯ ಮೇಲೆ ಅವಕ್ಕೆ ಬರೀ ಅಂಕಿ-ಅಕ್ಷರದ ಹೆಸರು. ಕಷ್ಟದ್ದು ಮುಗಿಯಿತಲ್ಲ ಎಂಬ ಉಮೇದಿನಲ್ಲಿ ಅವನು ಸರಿಯಾಗಿ ಓದದೆ ಒತ್ತಿದ. ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಯಂತ್ರ ಮತ್ತೊಮ್ಮೆ ಕೇಳಿತು. ಹೊಸದರಲ್ಲಿ ಅಳಿಯುವುದಕ್ಕೆ ಏನಿದೆ ಎಂದುಕೊಂಡು ಹೂಂ ಎಂದ. ಅವಳು ಕೊಟ್ಟ ಚಹಾ ಕುಡಿಯುತ್ತ ಕೂತ.

ಅಯ್ಯೋ ಅಡಿವೆಪ್ಪ, ಖಾಲಿಯೂ ನಕಲಾಗುತ್ತದೆ! ಒಂದು ಚೂರೂ ಬಿಡದೆ, ಬಲು ಅಚ್ಚುಕಟ್ಟಾಗಿ. ಕೊಡಬೇಕಾದ್ದನ್ನು ಅವನು ತೆಗೆದುಕೊಳ್ಳುವ ಜಾಗದಲ್ಲಿ ಕೂರಿಸಿದ್ದ. ಹೊಸ ಡಿಸ್ಕಿನ ಬರಿದೆಲ್ಲ ಹೋಗಿ ಹಳೆಯದರ ತುಂಬ ಕೂತುಬಿಟ್ಟಿತು.

ಯಂತ್ರ ಏಳಲಿಲ್ಲ. ಮೊದಲು ಅವನು ಡಿಸ್ಕನ್ನು ಬೈದ, ಆಮೇಲೆ ಕೇಬಲ್ಲನ್ನು ಬೈದ. ಕುಣಿಯಲಾರದವಳಿಗೆ ನೆಲ ಡೊಂಕು. ಕೊನೆಗೆ ನಕಲಿನ ಪರದೆಯನ್ನೇ ಮತ್ತೆ ತೆರೆದು ಅಲ್ಲಿದ್ದುದನ್ನು ನಿಧಾನವಾಗಿ ಓದಿದ. ತಿರುವುಮುರುವಾದದ್ದು ಆಗ ತಿಳಿಯಿತು. ಡಿಸ್ಕನ್ನು ಪಟ್ಟಣದ ತಜ್ಞನ ಬಳಿಗೂ ಒಯ್ದ. ಬರೀ ಅಳಿಸಿದ್ದರೆ ತೆಗೆಯಬಹುದಿತ್ತು, ಇದರ ಮೇಲೆ ಬೇರೆಯದನ್ನೇ ಬರೆದಾಗಿದೆ ಎಂದು ಆತ ಕೈಚೆಲ್ಲಿದ.

ಬಂದು ಅವಳಿಗೆ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಸೂಜಿ ಹಿಡಿದು ಕೂತು ನೆನಪಿನಿಂದ ಹಾಕಲು ನೋಡಿದಳು. ಅಂಚು ಬಂತು, ನಡುವಿನದು ಬರಲಿಲ್ಲ. 'ಅದರಾಗ ಐತೆಲ್ಲ ಅಂತ ನಾ ನೆನಪಿಟ್ಟಿರ್ಲಿಲ್ಲ' ಎಂದು ಸೆರಗು ಬಾಯಿಗೊತ್ತಿ ಅತ್ತಳು.

ಆಗ ಅವನು ಆ ಹಳೆಯ ಸೀರೆಗಳನ್ನು ಹುಡುಕುತ್ತ ಊರೂರು ಅಲೆದ. ಕಂಡಕಂಡ ಬಾಗಿಲು ತಟ್ಟಿದ. ಎಲ್ಲರೂ ಒಳಗೆ ಕರೆದು ನೀರು ಕೊಟ್ಟರು. ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ಮಾತು: 'ಅಜ್ಜಿಗೆ ಆ ಸೀರಿ ಭಾಳ ಇಷ್ಟಪಾ, ತೀರಿಕೊಂಡಾಗ ಅದನ್ನ ಉಡಿಸೇ ಕಳಿಸಿದ್ವಿ.'

ಸೋತು ಮನೆಗೆ ಬಂದರೆ ಹೆಂಡತಿ ಟ್ರಂಕಿನಿಂದ ಮಗಳ ಕುಂಚಿಗೆ ತೆಗೆದುಕೊಟ್ಟಳು. ಕೂಸಾಗಿದ್ದಾಗ ತಲೆಗೆ ಕಟ್ಟುತ್ತಿದ್ದ ಕುಂಚಿಗೆ, ಆ ಹೆಂಗಸೇ ಕಸೂತಿ ಹಾಕಿ ಕೊಟ್ಟದ್ದು. ಒಂದಾದರೂ ಉಳಿಯಿತಲ್ಲ ಎಂದು ಅವನು ಅದನ್ನು ಹಿಡಿದು ಓಡಿದ. ಅವಳು ಬೆಳಕಿಗೆ ಹಿಡಿದು ನೋಡಿದಳು. 'ಇದು ನಾನೇ ಕಟ್ಟಿದ ನಕ್ಷೆ ತಮ್ಮಾ, ಹಳೇದಲ್ಲ' ಎಂದು ಮಡಚಿ ಅವನ ಕೈಗೇ ಕೊಟ್ಟಳು.

ಈಗ ಯಂತ್ರ ಯಾವುದರಿಂದ ಯಾವುದಕ್ಕೆ ಎಂದು ಕೇಳಿದಾಗಲೆಲ್ಲ ಅವನು ಕೈ ತೆಗೆದು, ಎದ್ದು ಹೊರಗೆ ಹೋಗಿ ಬಂದು, ಮತ್ತೆ ಓದಿ ಆಮೇಲೆ ಒತ್ತುತ್ತಾನಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅದರಿಂದ ಅವಳಿಗೇನು ಬಂತು?"

ಅಡಿವೆಪ್ಪನಿಗೆ ಮರುಕವಾಯಿತು. "ಪಾಪ, ಅವನ ಮನಸ್ಸು ಒಳ್ಳೆಯದೇ ಇತ್ತಲ್ಲ ಗುರುಗಳೇ" ಎಂದ.

"ಇತ್ತಪ್ಪಾ. ನಿನ್ನದೂ ಒಳ್ಳೆಯದೇ" ಎಂದರು ಗುರುಗಳು. ಹಾರ್ಮೋನಿಯಂ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು.

"ನೀನು ಹೋಗುವ ಮೊದಲು ಬಾಳವ್ವ ಹೇಗೆ ಹಾಡುತ್ತಿದ್ದಳೋ ಹಾಗೆ ಒಂದು ನುಡಿ ಹಾಡು, ಕೇಳೋಣ."

ಅಡಿವೆಪ್ಪ ಹಾಡತೊಡಗಿದ. ಬಾಯಿಗೆ ಬಂದದ್ದು ತಾನು ತಿದ್ದಿ ಕೊಟ್ಟ ಧಾಟಿಯೇ.