ಹೊಟ್ಟಿನ ಮೇಲಿನ ಕೆಂಪು

"ಬುದ್ಧಿ, ಒಂದು ಸಂಗತಿಯ ನಿಜ ಏನೆಂದು ಒಮ್ಮೆ ಖಚಿತವಾಯಿತು. ಆಮೇಲೂ ಅದನ್ನೇ ದಿನಾ ಪರೀಕ್ಷೆ ಮಾಡುತ್ತಾ ಕೂರಬೇಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಬೇಜಾರು ಬಂತೇನಯ್ಯ? ಬರುತ್ತೆ, ಬರುತ್ತೆ. ಕೂತುಕೋ. ಮಧ್ಯೆ ಬಾಯಿ ಹಾಕಬೇಡ" ಎಂದು ಕತೆ ಹೇಳತೊಡಗಿದರು.

ಒಬ್ಬ ರೈತನಿದ್ದ. ಹೆಸರಿಲ್ಲದ ಕತೆ ನಿನ್ನ ತಲೆಗೆ ಹತ್ತುವುದಿಲ್ಲ, ತಿಪ್ಪೇಶಿ ಅಂತ ಇಟ್ಟುಕೋ. ಅವನೂ ಹೆಂಡತಿ ಹೊನ್ನಮ್ಮನೂ ಶೆಡ್ಡು ಹಾಕಿ ಬ್ರಾಯ್ಲರ್ ಕೋಳಿ ಸಾಕುತ್ತಿದ್ದರು. ಒಂದು ಸಲ ಕೋಳಿಗಳಿಗೆ ರಕ್ತಭೇದಿ ಬಂತು. ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಕರುಳು ಹೊಕ್ಕು ತಿನ್ನುವ ರೋಗ ಅದು. ಮೇವಿನಲ್ಲಿ ದಿನಾ ಬೆರೆಸುತ್ತಿದ್ದ ಔಷಧಕ್ಕೆ ಅದು ಜಗ್ಗಲಿಲ್ಲ. ಅರ್ಧಕ್ಕರ್ಧ ಕೋಳಿ ಸತ್ತವು. ಹೊನ್ನಮ್ಮ ತಾನೇ ಗುಂಡಿ ತೋಡಿ ಹೂಳಿದಳು. ಕೊನೆಯದನ್ನು ಹೂತಾದ ಮೇಲೆ ಗಂಡನಿಗೆ ಹೇಳಿದಳು: "ಇನ್ನೊಂದು ಸಲ ನನ್ನ ಕೈಲಿ ಈ ಕೆಲಸ ಮಾಡಿಸಬೇಡಿ. ಮಾಡಿಸೋ ಕಾಲ ಬಂದರೆ ನಾನು ಈ ಮನೆಯಲ್ಲಿ ಇರೋದಿಲ್ಲ." ಅವನು ಮಾತು ಕೊಟ್ಟ.

ಹೊಸ ಮರಿಗಳು ಬಂದವು. ಪಶುವೈದ್ಯರು ಬೇರೆ ದಾರಿ ಹೇಳಿಕೊಟ್ಟರು. ಅರಿಸಿನ, ಬೆಳ್ಳುಳ್ಳಿ, ಬೇವಿನ ಎಲೆ ಒಣಗಿಸಿ ಪುಡಿ ಮಾಡಿ ಮೇವಿಗೆ ಬೆರೆಸಬೇಕು. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒಣಗಿರುವಂತೆ ಸುಣ್ಣ ಎರಚಬೇಕು. "ಈ ಪುಡಿ ರೋಗವನ್ನು ತಗ್ಗಿಸುತ್ತೆ. ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಹಿಕ್ಕೆ ನೋಡ್ತಾ ಇರು" ಎಂದರು. ತಿಪ್ಪೇಶಿ ಅಷ್ಟನ್ನೂ ಚಾಚೂ ತಪ್ಪದೆ ಮಾಡಿದ. ಅರಿಸಿನ ಮಾತ್ರ ಒಂದು ಹಿಡಿ ಹೆಚ್ಚೇ ಹಾಕಿದ. ಒಳ್ಳೆಯ ಮನುಷ್ಯ, ಸೋಮಾರಿಯಲ್ಲ.

ಎರಡನೆಯ ವಾರ ಶೆಡ್ಡಿಗೆ ಹೋದ ಹೊನ್ನಮ್ಮ ಚೀರಿಕೊಂಡು ಹೊರಗೆ ಬಂದಳು. ಹೊಟ್ಟಿನ ಮೇಲೆ ಅಲ್ಲಲ್ಲಿ ಕೆಂಪು. ರಕ್ತಭೇದಿ ಮತ್ತೆ ಬಂತೆಂದುಕೊಂಡರು ಇಬ್ಬರೂ. ವೈದ್ಯರನ್ನು ಕರೆಸಿದರು. ಅವರು ಬಗ್ಗಿ ನೋಡಿ ನಕ್ಕರು.

"ಆರತಿ ನೀರು ಹೇಗೆ ಮಾಡ್ತೀರಮ್ಮ?"

"ಅರಿಸಿನಕ್ಕೆ ಸುಣ್ಣ ಹಾಕಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಕೋಳಿ ತಿಂದ ಅರಿಸಿನ ಹಿಕ್ಕೆಯಲ್ಲಿ ಬಿದ್ದು, ಹೊಟ್ಟಿನ ಸುಣ್ಣ ತಾಗಿ ಕೆಂಪಾಗಿತ್ತು, ಅಷ್ಟೇ. ವೈದ್ಯರು ನಿಂಬೆಹಣ್ಣು ತರಿಸಿ ಅದರ ಮೇಲೆ ಹಿಂಡಿದರು. ಕೆಂಪು ಹೋಗಿ ಹಳದಿಯಾಯಿತು. "ನೆತ್ತರಾದರೆ ಹೀಗೆ ತಿರುಗೋದಿಲ್ಲ. ಕೆಂಪು ಕಂಡಾಗಲೆಲ್ಲ ಹಿಂಡಿ ನೋಡು" ಎಂದು ಹೋದರು.

ಹಿಂಡಿದ ಕಣಯ್ಯ, ಹಿಂಡಲಿಲ್ಲ ಅಂತ ಹೇಳಲಾರೆ. ಒಂದು ದಿನ, ಎರಡು ದಿನ, ಆರು ದಿನ. ಆರು ದಿನವೂ ಹಳದಿ. ಏಳನೆಯ ದಿನ ಹೆಂಡತಿ ಕೈಗಿಟ್ಟ ನಿಂಬೆಹಣ್ಣನ್ನು ಶರಬತ್ತು ಮಾಡಿಕೊಂಡು ಕುಡಿದ. ಊರವರು ಯಾರಾದರೂ ಬಂದು ಕೆಂಪು ಕಂಡು ಬೆಚ್ಚಿಬಿದ್ದರೆ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆರತಿ ನೀರಿನ ವಿಷಯ ವಿವರಿಸುತ್ತಿದ್ದ. ಅದನ್ನು ಹೇಳುವುದರಲ್ಲಿ ಅವನಿಗೆ ಬಲು ಖುಷಿ.

ನಾಲ್ಕನೆಯ ವಾರ ಜಡಿಮಳೆ ಹಿಡಿಯಿತು. ಬಿಡದೆ ಎಂಟು ದಿನ ಸುರಿಯಿತು. ಎರಚಲು ಹೊಡೆದು ಶೆಡ್ಡಿನ ಒಂದು ಬದಿಯ ಹೊಟ್ಟು ಒದ್ದೆಯಾಯಿತು. ತಿಪ್ಪೇಶಿ ಇನ್ನಷ್ಟು ಸುಣ್ಣ ಎರಚಿದ. ಒಂದು ಬೆಳಿಗ್ಗೆ ನೋಡಿದರೆ ಕೆಂಪು ಎಂದಿಗಿಂತ ಹೆಚ್ಚಾಗಿತ್ತು.

"ಕೋಳಿಗಳು ರೆಕ್ಕೆ ಇಳಿಬಿಟ್ಟು ಒತ್ತೊತ್ತಾಗಿ ನಿಂತಿವೆ ರೀ. ಒಂದು ಸಲ ಹಿಂಡಿ ನೋಡಿ" ಎಂದಳು ಹೊನ್ನಮ್ಮ.

"ಚಳಿಗೆ ನಿಂತಿವೆ. ಸುಣ್ಣ ಜಾಸ್ತಿ ಆಗಿದೆ, ಕೆಂಪೂ ಜಾಸ್ತಿ ಆಗಿದೆ. ಅದೇನು ಅಂತ ನನಗೆ ಗೊತ್ತಿಲ್ಲವೇನೇ?"

ಅವಳು ಮೇವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅವನ ಮಾತು ನಿಜವಾಗಿರಲಿ ಎಂದು ಅವಳಿಗೂ ಆಸೆಯಿತ್ತು, ಪಾಪ.

ಅದಾದ ಮೂರನೆಯ ದಿನ ಬೆಳಿಗ್ಗೆ ಇನ್ನೂರು ಕೋಳಿ ಸತ್ತು ಬಿದ್ದಿದ್ದವು. ಹೊನ್ನಮ್ಮ ನಿಂಬೆಹಣ್ಣು ತಂದು ಹಿಂಡಿದಳು. ಹಳದಿಯಾಗಲಿಲ್ಲ. ಇನ್ನೊಂದು ಕಡೆ ಹಿಂಡಿದಳು. ಅಲ್ಲೂ ಆಗಲಿಲ್ಲ. ಹೋಳಿನಲ್ಲಿ ರಸ ಮುಗಿದ ಮೇಲೂ ಹಿಂಡುತ್ತಲೇ ಇದ್ದಳು. ವೈದ್ಯರು ಬಂದು ಕುಡಿಯುವ ನೀರಿಗೆ ಬೇರೆ ಔಷಧ ಹಾಕಿಸಿದರು. ಆದರೆ ನೀರಿನ ತನಕ ಹೋಗುವ ತ್ರಾಣ ಉಳಿದಿದ್ದ ಕೋಳಿಗಳು ಕೆಲವೇ. "ಮೊದಲ ದಿನವೇ ಕರೆಯಬಾರದಿತ್ತೇ?" ಎಂದಷ್ಟೇ ಅವರು ಕೇಳಿದರು. ಮಾರನೆಯ ಸಂಜೆಯ ಹೊತ್ತಿಗೆ ಶೆಡ್ಡಿನಲ್ಲಿ ಸದ್ದೇ ಇರಲಿಲ್ಲ.

ಹೊನ್ನಮ್ಮ ಗುದ್ದಲಿ ತಂದು ಗಂಡನ ಮುಂದೆ ಇಟ್ಟಳು. ತನ್ನ ಸೀರೆಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ಹೊರಟುಹೋದಳು. ಅವನು ಒಬ್ಬನೇ ಗುಂಡಿ ತೋಡಿದ. ಎಲ್ಲವನ್ನೂ ಹೂಳಲು ಎರಡು ದಿನ ಹಿಡಿಯಿತು. ಅವಳು ಮತ್ತೆ ಬರಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಎದ್ದು ಕೈಮುಗಿದು, "ನನ್ನ ತಪ್ಪು ಏನೆಂದು ಈಗ ಚೆನ್ನಾಗಿ ಗೊತ್ತಾಯಿತು ಬುದ್ಧಿ" ಎಂದ.

"ತಿಪ್ಪೇಶಿಗೂ ಚೆನ್ನಾಗಿಯೇ ಗೊತ್ತಾಗಿತ್ತು" ಎಂದರು ಗುರುಗಳು.